ಸಿಸ್ಟರ್, ನಿನ್ನೆ ಬಸ್ ಸಿಕ್ಕಿತಾ?

ಮಗಳಿಗೆ ಮೊನ್ನೆ ನಾಲ್ಕು ತುಂಬಿತು. ಅವಳು ಹುಟ್ಟಿದ್ದು ಆಟಿ ಮಳೆಯಲ್ಲಿ, ಮನೆಯಲ್ಲಿ ಮದ್ದುಸೊಪ್ಪಿನ ಪಾಯಸ ಮಾಡಿದ ಮಾರನೇ ದಿನ. ಕೊಡಗಿನದೇ ಆಸ್ಪತ್ರೆ, ಹೆಸರು ಬೇಡ. ಪ್ಲೇಟ್‌ಲೆಟ್ ತುಂಬಾ ಇಳಿದಿತ್ತು, ಬೆನ್ನಿಗೆ ಇಂಜೆಕ್ಷನ್ ಕೊಡುವ ಹಾಗಿಲ್ಲ, ಪೂರ್ತಿ ಮತ್ತು ಕೊಟ್ಟೇ ಸಿಸೇರಿಯನ್ ಮಾಡ್ತೀವಿ ಎಂದರು. ಮಾಸ್ಕ್ ಇಟ್ಟರು, ಯಾರೋ ಗಂಟಲ ಹತ್ತಿರ ಒತ್ತಿ ಹಿಡಿದರು, ಅಷ್ಟೇ ಗೊತ್ತು.

ಆಮೇಲೆ ಎಚ್ಚರ ಆಯಿತು. ಆಪರೇಷನ್ ಮುಗಿದಿರಲಿಲ್ಲ.

ಕಣ್ಣು ಬಿಡಲಾಗಲಿಲ್ಲ, ಒಂದು ಬೆರಳೂ ಅಲ್ಲಾಡಲಿಲ್ಲ. ಹೊಟ್ಟೆಯೊಳಗೆ ಕೈ ಹಾಕಿ ಜಗ್ಗುತ್ತಿದ್ದರು. "ಸಂಪಾಜೆ ಘಾಟಿಯಲ್ಲಿ ಮರ ಬಿದ್ದಿದೆಯಂತೆ, ಸುಳ್ಯದ ಬಸ್ ಇರುತ್ತೋ ಇಲ್ವೋ" ಎಂದು ಒಬ್ಬರು ಹೇಳುತ್ತಿದ್ದರು. ನಾನು ಒಳಗೊಳಗೇ ಕಿರುಚುತ್ತಿದ್ದೆ. ಮಗು ಅತ್ತಿತು, ಆಮೇಲಿನದು ನೆನಪಿಲ್ಲ.

ಸಂಜೆ ಅತ್ತೆಗೆ ಹೇಳಿದರೆ, "ಮತ್ತಿನಲ್ಲಿ ಏನೇನೋ ಕನಸು ಬೀಳುತ್ತೆ, ಸುಮ್ನೆ ಮಲಗು." ಡಾಕ್ಟರೂ ನಕ್ಕರು. ಮರುದಿನ ಅದೇ ಧ್ವನಿಯ ಸಿಸ್ಟರ್ ಡ್ರಿಪ್ ಬದಲಿಸಲು ಬಂದಾಗ, "ನಿನ್ನೆ ಸುಳ್ಯದ ಬಸ್ ಸಿಕ್ಕಿತಾ?" ಎಂದೆ. ಬಾಟಲಿ ಹಿಡಿದಿದ್ದ ಅವರ ಕೈ ಹಾಗೇ ನಿಂತಿತು.

ಮಧ್ಯಾಹ್ನ ಮತ್ತಿನ ಡಾಕ್ಟರ್ ಬಂದು ಸ್ಟೂಲ್ ಎಳೆದುಕೊಂಡು ಕೂತರು. ಪೂರ್ತಿ ಕೇಳಿದರು, ಕ್ಷಮೆ ಕೇಳಿದರು. ನಿದ್ದೆ ಬರಿಸುವ ಇಂಜೆಕ್ಷನ್ ಬೇಗ ಇಳಿಯುತ್ತದಂತೆ, ಆಮೇಲೆ ಉಸಿರಿನಲ್ಲಿ ಕೊಡುವ ಮತ್ತಿನ ಗ್ಯಾಸ್ ಏರಲು ಸ್ವಲ್ಪ ಹೊತ್ತು ಬೇಕು, ಸಿಸೇರಿಯನ್‌ನಲ್ಲಿ ಮಗುವಿಗೋಸ್ಕರ ಆತುರ ಇರುವುದರಿಂದ ಆ ಸಂದಿಯಲ್ಲೇ ಕೊಯ್ಯಲು ಶುರು ಮಾಡಿರುತ್ತಾರೆ. ಮಗುವಿಗೂ ಹೋಗುತ್ತದೆಂದು ಜೋರು ನೋವಿನ ಮದ್ದನ್ನು ಸಾಮಾನ್ಯವಾಗಿ ಹೆರಿಗೆ ಆದ ಮೇಲೆಯೇ ಕೊಡುವುದು. ಮೈ ಸಡಿಲ ಮಾಡುವ ಮದ್ದು ಬೇರೆ ಕೊಟ್ಟಿರುತ್ತಾರೆ, ಹಾಗಾಗಿ ಎಚ್ಚರ ಆದವಳು ಕೈ ಎತ್ತಿ ಹೇಳಲೂ ಆಗುವುದಿಲ್ಲ.

ಆಮೇಲೆ ಓದಿದೆ. ಬ್ರಿಟನ್, ಐರ್ಲೆಂಡಿನ 2014ರ ವರದಿಯಲ್ಲಿ ಪೂರ್ತಿ ಮತ್ತು ಕೊಟ್ಟವರಲ್ಲಿ ಸುಮಾರು 19,000ಕ್ಕೆ ಒಬ್ಬರು ಹೀಗೆ ಹೇಳಿಕೊಂಡಿದ್ದಾರೆ, ಸಿಸೇರಿಯನ್‌ನಲ್ಲಿ ಸುಮಾರು 670ಕ್ಕೆ ಒಬ್ಬರು. ಅದು ತಾವಾಗಿಯೇ ಬಾಯಿಬಿಟ್ಟವರ ಲೆಕ್ಕ. 2021ರಲ್ಲಿ ಇಂಗ್ಲೆಂಡಿನಲ್ಲಿ ಪೂರ್ತಿ ಮತ್ತು ಕೊಟ್ಟ ಬಾಣಂತಿಯರನ್ನು ಕೂರಿಸಿಕೊಂಡು ಕೇಳಿದಾಗ 256ಕ್ಕೆ ಒಬ್ಬರು! ಕೇಳಿದರೆ ತಾನೇ ಹೇಳೋದು?

ಬಾಣಂತನದಲ್ಲಿ ಹೊಟ್ಟೆಗೆ ಬಟ್ಟೆ ಬಿಗಿದಾಗಲೆಲ್ಲ ಉಸಿರು ಕಟ್ಟಿದಂತಾಗಿ ಬಿಚ್ಚಿ ಎಸೆಯುತ್ತಿದ್ದೆ. ಸೊಂಟ ನೋವು ಬರುತ್ತೆ ಅಂತ ಬೈಸಿಕೊಂಡೆ. ಯಾಕೆ ಅಂತ ಹೇಳಲು ಒಂದು ವರ್ಷ ಬೇಕಾಯಿತು.

ಈಗ ಮತ್ತೆ ಏಳು ತಿಂಗಳು. ಹೋದ ವಾರ ಹೊಸ ಡಾಕ್ಟರ ಹತ್ತಿರ ಹೋಗಿದ್ದೆವು. ನಾನು ಫೈಲ್ ಬಿಚ್ಚುವ ಮೊದಲೇ ಪಕ್ಕದಲ್ಲಿದ್ದ ಅತ್ತೆ, "ಕಳೆದ ಸಲ ಇವಳಿಗೆ ಆಪರೇಷನ್ ಮಧ್ಯದಲ್ಲೇ ಎಚ್ಚರ ಆಗಿತ್ತು ಡಾಕ್ಟ್ರೇ, ಅದನ್ನ ಮೊದಲು ಬರ್ಕೊಳ್ಳಿ" ಎಂದರು.