ಸಿರಪ್ ಕುಡಿಸಿ ಕಳಿಸಿದ್ದೀರಾ?

ನಾನು ಮಂಡ್ಯ ಜಿಲ್ಲೆಯ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ನಲಿ-ಕಲಿ ಟೀಚರ್. ಒಂದರಿಂದ ಮೂರನೇ ಕ್ಲಾಸಿನ ಮಕ್ಕಳೆಲ್ಲ ಒಂದೇ ಕೋಣೆಯಲ್ಲಿ, ಗುಂಪು ಗುಂಪಾಗಿ ಸುತ್ತ ಕೂತು, ಒಂದೇ ಕಾರ್ಡನ್ನು ಕೈಯಿಂದ ಕೈಗೆ ದಾಟಿಸುತ್ತಾ ಕಲಿಯುತ್ತಾರೆ. 1995ರಲ್ಲಿ ಪಕ್ಕದ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ ಶುರುವಾದ ಪದ್ಧತಿ ಇದು. ನನಗೆ ತುಂಬಾ ಇಷ್ಟ. ಆದರೆ ಒಬ್ಬನಿಗೆ ನೆಗಡಿ ಬಂತು ಅಂದರೆ ಕಾರ್ಡಿನ ಜೊತೆ ನೆಗಡಿಯೂ ಗುಂಪು ಸುತ್ತುತ್ತದೆ. ಸೋಮವಾರ ಒಬ್ಬ ಸೀನಿದರೆ ಗುರುವಾರಕ್ಕೆ ನಾಲ್ಕು ಜನ.

ಹಾಗಾಗಿ "ಮಗೂಗೆ ಸ್ವಲ್ಪ ಹುಷಾರಿಲ್ಲ, ಕಳಿಸಲಾ ಬೇಡ್ವಾ ಮಿಸ್" ಅನ್ನೋ ಪ್ರಶ್ನೆ ನನಗೆ ವಾರಕ್ಕೆ ಎರಡು ಮೂರು ಸಲ ಬರುತ್ತದೆ. ಮೊದಲೆಲ್ಲ ಬರುತ್ತಿರಲಿಲ್ಲ. ಯಾಕೆ ಬರುತ್ತಿರಲಿಲ್ಲ ಅನ್ನೋದನ್ನೇ ಬರೆಯಬೇಕು ಅಂತ ಕೂತಿದ್ದೇನೆ.

ಎರಡು ವರ್ಷದ ಹಿಂದಿನ ಮಾತು. ಜುಲೈ, ಜಿಟಿಜಿಟಿ ಮಳೆ. ಒಂದನೇ ಕ್ಲಾಸಿನ ಒಬ್ಬ ಹುಡುಗ ಬೆಳಿಗ್ಗೆ ಚೆನ್ನಾಗೇ ಬಂದ, ಪ್ರಾರ್ಥನೆಗೆ ನಿಂತ, ಹಾಲು ಕುಡಿದ. ಹನ್ನೆರಡರ ಹೊತ್ತಿಗೆ ಕಾರ್ಡು ಹಿಡಿದ ಕೈ ಹಾಗೇ ಇದೆ, ತಲೆ ಮಾತ್ರ ಪಕ್ಕದವನ ಭುಜದ ಮೇಲೆ ವಾಲಿದೆ. ಏಳೋ ಅಂತ ಮುಟ್ಟಿದರೆ ಹಣೆ ಕಾದ ಹೆಂಚು. ಕಿವಿಯ ಅಂಚು ಕೆಂಪಾಗಿತ್ತು, ತುಟಿ ಒಣಗಿ ಬಿರುಕು ಬಿಟ್ಟಿತ್ತು, ಪಾದ ಮಾತ್ರ ತಣ್ಣಗೆ. ಜಮಖಾನೆ ಹಾಸಿ ಮಲಗಿಸಿ, ನೀರು ಕುಡಿಸಿ, ಅವನ ಅಮ್ಮನಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಆಕೆ ಗಾರ್ಮೆಂಟ್ಸ್‌ಗೆ ಹೋಗುವವರು, ಒಳಗೆ ಹೋದ ಮೇಲೆ ಫೋನ್ ಲಾಕರಿನಲ್ಲಿ. ಅಪ್ಪ ಲಾರಿ ಮೇಲೆ ಎಲ್ಲೋ ದೂರದಲ್ಲಿ. ಅಜ್ಜಿ ಕಬ್ಬಿನ ಗದ್ದೆಯಲ್ಲಿ ಕಳೆ ಕೀಳುತ್ತಿದ್ದರು. ದೊಡ್ಡ ಹುಡುಗರನ್ನು ಓಡಿಸಿ ಅಜ್ಜಿಯನ್ನು ಕರೆಸುವಷ್ಟರಲ್ಲಿ ಒಂದೂವರೆ ಗಂಟೆ ಆಯಿತು. ಅಷ್ಟು ಹೊತ್ತೂ ಅವನು ನನ್ನ ಸೀರೆ ಸೆರಗು ಹಿಡಿದುಕೊಂಡೇ ಮಲಗಿದ್ದ.

ಅಜ್ಜಿ ಬಂದು ಹೇಳಿದ್ದು: "ರಾತ್ರಿಯೆಲ್ಲ ಮೈ ಸುಡ್ತಿತ್ತು ಕಣ್ರವ್ವ. ಬೆಳಿಗ್ಗೆ ಅವ್ರವ್ವ ಸಿರಪ್ ಕುಡ್ಸುದ್ಲು, ಕಮ್ಮಿ ಆಯ್ತು, ಆಡ್ಕೊಂಡೇ ಹೋದ."

ನನಗೆ ಸಿಟ್ಟು ಬಂತು. ಮಾರನೇ ದಿನ ಅಮ್ಮ ಬಂದಾಗ ಜೋರಾಗೇ ಕೇಳಿದೆ, ಜ್ವರ ಇರೋ ಮಗೂನ ಹೇಗಮ್ಮ ಕಳಿಸಿದ್ರಿ ಅಂತ. ಆಕೆ ಜಗಳಕ್ಕೆ ಬರಲಿಲ್ಲ. ತಲೆ ತಗ್ಗಿಸಿ, "ಒಂದಿನ ರಜ ಹಾಕಿದ್ರೆ ಆ ತಿಂಗಳ ಹಾಜರಿ ದುಡ್ಡು ಹೋಗುತ್ತೆ ಮಿಸ್. ನೀವೂ ಒಂದಿನಾನೂ ತಪ್ಪಿಸಬೇಡಿ ಅಂದಿದ್ರಿ. ಪ್ರೈಜ್ ಕೊಡ್ತಾರೆ ಅಂತ ಇವ್ನೂ ಹಟ ಮಾಡ್ದ" ಅಂದರು.

ಹೌದು, ನಾನೇ ಹೇಳಿದ್ದೆ. ಒಂದು ದಿನವೂ ತಪ್ಪಿಸದೆ ಬಂದ ಮಗುವಿಗೆ ವರ್ಷದ ಕೊನೆಯಲ್ಲಿ ಜಾಮೆಟ್ರಿ ಬಾಕ್ಸ್ ಕೊಡುತ್ತಿದ್ದೆ. ರಜ ಮಾಡಿದ ಮಕ್ಕಳ ಮನೆಗೆ ಫೋನ್ ಮಾಡಿ ಗದರುತ್ತಿದ್ದೆ. ಒಳ್ಳೆಯದಕ್ಕೇ ಮಾಡಿದ್ದು, ಆದರೆ ಅದರಿಂದ ಆಗಿದ್ದು ಏನು ಅಂದರೆ ಮನೆಯವರು ನನ್ನ ಹತ್ತಿರ ಜ್ವರ ಮುಚ್ಚಿಡಲು ಕಲಿತರು. ಮುಂದಿನ ವಾರ ಅವನ ಗುಂಪಿನ ನಾಲ್ಕು ಮಕ್ಕಳು ಮಲಗಿದರು. ಅದರಲ್ಲಿ ಒಬ್ಬಳ ಮನೆಯಲ್ಲಿ ಮೂರು ತಿಂಗಳ ಕೂಸು ಇತ್ತು. ಆ ಕೂಸಿಗೆ ಏನೂ ಆಗಲಿಲ್ಲ, ಆದರೆ ಆ ಒಂದು ವಾರ ನನಗೆ ಸರಿಯಾಗಿ ನಿದ್ದೆ ಇಲ್ಲ.

ಪ್ರೈಜ್ ಕೊಡೋದನ್ನು ಆ ವರ್ಷವೇ ನಿಲ್ಲಿಸಿದೆ.

ಆಮೇಲೆ ಆರೋಗ್ಯ ಕೇಂದ್ರದ ಡಾಕ್ಟರ ಹತ್ತಿರ ಕೂತು ಸರಿಯಾಗಿ ಕೇಳಿ ತಿಳಿದುಕೊಂಡೆ. ಪ್ಯಾರಾಸಿಟಮಾಲ್ ಸಿರಪ್ ಜ್ವರದ ಕಾವನ್ನು ಇಳಿಸುತ್ತದೆ, ರೋಗವನ್ನು ಓಡಿಸುವುದಿಲ್ಲ. ಅದರ ಕೆಲಸ ನಾಲ್ಕರಿಂದ ಆರು ಗಂಟೆ ಅಷ್ಟೇ. ಬೆಳಿಗ್ಗೆ ಎಂಟಕ್ಕೆ ಕುಡಿಸಿದರೆ ಬಿಸಿಯೂಟದ ಹೊತ್ತಿಗೆ ಜ್ವರ ವಾಪಸ್ ಬರುತ್ತದೆ. ಆ ಹುಡುಗನಿಗೆ ಆಗಿದ್ದೂ ಅದೇ. ಥರ್ಮಾಮೀಟರಿನಲ್ಲಿ 100.4 ಅಥವಾ ಅದಕ್ಕಿಂತ ಜಾಸ್ತಿ ತೋರಿಸಿದರೆ ಅದು ಜ್ವರ. ಔಷಧಿ ಕೊಡದೆ ಪೂರ್ತಿ 24 ಗಂಟೆ ಜ್ವರ ಬರದೆ ಇದ್ದರೆ, ಮಗು ಉಂಡು ಆಡುವಂತಿದ್ದರೆ, ಆವಾಗ ಶಾಲೆಗೆ. ಈ "ಔಷಧಿ ಕೊಡದೆ" ಅನ್ನೋ ಮಾತನ್ನು ನಾನು ಪೋಷಕರ ಸಭೆಯಲ್ಲಿ ಎರಡೆರಡು ಸಲ ಹೇಳುತ್ತೇನೆ, ಯಾಕೆಂದರೆ ಎಲ್ಲರೂ ಜಾರುವುದು ಅಲ್ಲೇ.

ಈಗ ಗೇಟಿನ ಹತ್ತಿರ ನಾನು ಜ್ವರ ಇದೆಯಾ ಅಂತ ಕೇಳುವುದಿಲ್ಲ. ಇಲ್ಲ ಅಂತಲೇ ಉತ್ತರ ಬರುತ್ತದೆ, ಆ ಗಳಿಗೆಗೆ ಅದು ಸುಳ್ಳೂ ಅಲ್ಲ. ರಾತ್ರಿ ಹೇಗೆ ಮಲಗಿದ, ಬೆಳಿಗ್ಗೆ ಏನು ತಿಂದ, ಕೊನೆಗೆ ಸಿರಪ್ ಕೊಟ್ಟಿದ್ದು ಎಷ್ಟು ಗಂಟೆಗೆ, ಇಷ್ಟು ಕೇಳುತ್ತೇನೆ. ಮೆತ್ತಗೆ ಕೇಳಬೇಕು. ದನಿ ಸ್ವಲ್ಪ ಏರಿದರೂ ಮುಗಿಯಿತು, ನಾಳೆಯಿಂದ ಅವರು ಗೇಟಿನಿಂದ ದೂರದಲ್ಲೇ ಮಗುವನ್ನು ಇಳಿಸಿ ಹೋಗುತ್ತಾರೆ.

ಹಾಗಂತ ಮೂಗು ಸೋರುವ ಮಕ್ಕಳನ್ನೆಲ್ಲ ಮನೆಗೆ ಕಳಿಸುವುದೂ ಸರಿಯಲ್ಲ. ಈ ವಯಸ್ಸಿನ ಮಕ್ಕಳಿಗೆ ವರ್ಷಕ್ಕೆ ಆರೆಂಟು ಸಲ ನೆಗಡಿ ಬರುವುದು ಮಾಮೂಲಿ. ಪ್ರತಿ ಸಲ ನಾಲ್ಕು ದಿನ ಅಂತ ಲೆಕ್ಕ ಹಾಕಿ, ಎಂಟು ಸಲಕ್ಕೆ 32 ದಿನ. ಒಂದು ತಿಂಗಳ ಪಾಠ ಹೋಯಿತಲ್ವಾ! ಓದಲು ಬರೆಯಲು ಈಗಷ್ಟೇ ಕಲಿಯುತ್ತಿರುವ ಮಗುವಿಗೆ ಅದು ಸಣ್ಣ ನಷ್ಟವಲ್ಲ. 2025ರ ಮೇ ಕೊನೆಯಲ್ಲಿ ಕೋವಿಡ್ ಮತ್ತೆ ತಲೆ ಎತ್ತಿದಾಗ, ಜ್ವರ, ಕೆಮ್ಮು, ನೆಗಡಿ ಇದ್ದರೆ ಶಾಲೆಗೆ ಕಳಿಸಬೇಡಿ ಅಂತ ಸರ್ಕಾರದ ಸುತ್ತೋಲೆ ಬಂದಿತ್ತು. ಅಂಥ ಹೊತ್ತಿನಲ್ಲಿ ಅದು ಸರಿ, ನಾವೂ ಹಾಗೇ ನಡೆದುಕೊಂಡೆವು. ಮಾಮೂಲಿ ದಿನಗಳಲ್ಲಿ ಮಾತ್ರ ನಾನು ನೋಡುವುದು ಬೇರೆ. ಜ್ವರ ಇಲ್ಲ, ತಿಂಡಿ ತಿಂದಿದ್ದಾನೆ, ಕರೆದರೆ ಓಡಿ ಬರುತ್ತಾನೆ ಅಂದರೆ ಬರಲಿ, ಜೇಬಿನಲ್ಲಿ ಒಂದು ಕರ್ಚೀಫ್ ಇರಲಿ. ಸಿಂಬಳ ಹಳದಿಯಾಯಿತು, ಹಸಿರಾಯಿತು ಅಂತ ಎಷ್ಟೋ ಜನ ಗಾಬರಿಯಾಗುತ್ತಾರೆ, ಮೆಡಿಕಲ್ ಸ್ಟೋರಿನಿಂದ ಆ್ಯಂಟಿಬಯೋಟಿಕ್ ತಂದು ಕುಡಿಸುತ್ತಾರೆ. ಬಣ್ಣ ಬದಲಾಗುವುದು ನೆಗಡಿಯ ಸಹಜ ದಾರಿ, ಬರೀ ಅಷ್ಟಕ್ಕೆ ಆ ಔಷಧಿ ಬೇಡ. ನೆಗಡಿ ಹೋದ ಮೇಲೂ ಕೆಮ್ಮು ಎರಡು ಮೂರು ವಾರ ಉಳಿಯಬಹುದು, ಅದಕ್ಕೂ ಮನೆಯಲ್ಲಿ ಕೂರಿಸಬೇಕಾಗಿಲ್ಲ. ಆದರೆ ಎರಡು ವಾರ ದಾಟಿದ ಕೆಮ್ಮನ್ನು ಒಮ್ಮೆ ಆರೋಗ್ಯ ಕೇಂದ್ರದಲ್ಲಿ ತೋರಿಸಿಬಿಡಿ, ಅದರಲ್ಲೂ ಮಗು ಇಳಿದು ಹೋಗುತ್ತಿದ್ದರೆ, ಸಂಜೆ ಮೈ ಬಿಸಿ ಆಗುತ್ತಿದ್ದರೆ. ಉಸಿರಾಡುವಾಗ ಪಕ್ಕೆ ಒಳಗೆ ಎಳೆಯುತ್ತಿದ್ದರೆ ಶಾಲೆಯ ಮಾತೇ ಇಲ್ಲ, ಸೀದಾ ಆಸ್ಪತ್ರೆ.

ವಾಂತಿ ಭೇದಿಗೆ ನಾನು ಕಟ್ಟುನಿಟ್ಟು. ನಮ್ಮದು ಒಂದೇ ನಲ್ಲಿ ಸಾಲು, ಎರಡು ಶೌಚಾಲಯ, ಸಾಲಾಗಿ ಕೂತು ತಟ್ಟೆ ಹಿಡಿದು ಉಣ್ಣುವ ಮಕ್ಕಳು. ಕೊನೆಯ ವಾಂತಿ ಅಥವಾ ಭೇದಿ ಆಗಿ ಎರಡು ದಿನ ಕಳೆಯಲಿ. ಅಲ್ಲಿಯವರೆಗೆ ಒಂದು ಲೀಟರ್ ನೀರಿಗೆ ಒಂದು ಪೊಟ್ಟಣ ಓಆರ್‌ಎಸ್ ಕಲಸಿ ಗುಟುಕು ಗುಟುಕಾಗಿ ಕುಡಿಸಿ. ಆಶಾ ಕಾರ್ಯಕರ್ತೆಯರ ಹತ್ತಿರ ಪೊಟ್ಟಣ ಸಿಗುತ್ತದೆ.

ಕಣ್ಣು ಬೇನೆ ವಿಷಯ ಬೇರೆ ತರ. 2023ರ ಮಳೆಗಾಲದಲ್ಲಿ ರಾಜ್ಯದ ತುಂಬಾ ಮದ್ರಾಸ್ ಐ ಹಬ್ಬಿತ್ತು, ನೆನಪಿದೆ ಅಲ್ವಾ. ನನ್ನ ಕ್ಲಾಸಿನಲ್ಲಿ ಮಕ್ಕಳು ಒಬ್ಬರನ್ನೊಬ್ಬರು ನೋಡದೆ ಗೋಡೆ ಕಡೆ ಮುಖ ಮಾಡಿ ಕೂತಿದ್ದರು, ನೋಡಿದರೆ ಅಂಟುತ್ತದೆ ಅಂತ ಮನೆಯಲ್ಲಿ ಹೇಳಿದ್ದರಂತೆ. ನೋಟದಿಂದ ಅಂಟುವುದಿಲ್ಲ. ಕಣ್ಣು ಉಜ್ಜಿದ ಕೈಯಿಂದ, ಅದೇ ಟವೆಲ್ಲಿನಿಂದ ಅಂಟುತ್ತದೆ. ಸಣ್ಣ ಮಕ್ಕಳಿಗೆ ಕೈ ಕಣ್ಣಿಗೆ ಹೋಗದಂತೆ ತಡೆಯಲು ಆಗುವುದಿಲ್ಲ, ಅದಕ್ಕೇ ಪಿಸುರು ಬರುವಷ್ಟು ದಿನ ಮನೆಯಲ್ಲಿರಲಿ ಅನ್ನುತ್ತೇನೆ.

ಅಮ್ಮ, ಅಂದರೆ ಚಿಕನ್‌ಪಾಕ್ಸ್, ಆದಾಗ ನಮ್ಮ ಕಡೆ ಯಾರೂ ಹೇಳದೆಯೇ ಮಗುವನ್ನು ಮನೆಯಲ್ಲಿ ಇಟ್ಟುಕೊಳ್ಳುತ್ತಾರೆ. ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸುತ್ತಾರೆ, ಒಗ್ಗರಣೆ ಹಾಕುವುದಿಲ್ಲ, ನೀರು ಹಾಕುವವರೆಗೆ ಹೊರಗೆ ಬಿಡುವುದಿಲ್ಲ. ಗುಳ್ಳೆಗಳೆಲ್ಲ ಒಣಗಿ ಹೊಪ್ಪಳೆ ಕಟ್ಟುವವರೆಗೆ ಬೇರೆಯವರಿಗೆ ಅಂಟುತ್ತದೆ, ಅದಕ್ಕೆ ಐದಾರು ದಿನ ಬೇಕು, ಹಿರಿಯರ ಲೆಕ್ಕ ಅದಕ್ಕಿಂತ ಜಾಸ್ತಿಯೇ ಇದೆ. ನಾನು ಅಜ್ಜಿಯರ ಹತ್ತಿರ ಕೇಳಿಕೊಳ್ಳುವುದು ಎರಡೇ. ಬೇವು ಇರಲಿ, ಡಾಕ್ಟರಿಗೂ ತೋರಿಸಿ. ಮತ್ತೆ ಆ ದಿನವೇ ನನಗೊಂದು ಮಾತು ಹೇಳಿ ಕಳಿಸಿ. ಗುಳ್ಳೆ ಏಳುವ ಒಂದೆರಡು ದಿನ ಮೊದಲಿಂದಲೇ ಅದು ಅಂಟುತ್ತಿರುತ್ತದೆ, ಜೊತೆಯಲ್ಲಿ ಕೂತವರ ಮನೆಯಲ್ಲಿ ಬಸುರಿ ಹೆಣ್ಣುಮಗಳು ಇದ್ದರೆ ಅವರಿಗೆ ತಿಳಿಯಬೇಕು.

ಡೆಂಗಿ ಬಗ್ಗೆ ಮಾತ್ರ ನಿಧಾನವಾಗಿ ಓದಿ. 2024ರಲ್ಲಿ ನಮ್ಮ ರಾಜ್ಯದಲ್ಲಿ ಅದನ್ನು ಸಾಂಕ್ರಾಮಿಕ ರೋಗ ಅಂತ ಘೋಷಣೆ ಮಾಡುವ ಮಟ್ಟಕ್ಕೆ ಹೋಗಿತ್ತು. ನಾನು ಮೇಲೆ ಹೇಳಿದ 24 ಗಂಟೆ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಡೆಂಗಿಯಲ್ಲಿ ಮೂರರಿಂದ ಏಳನೇ ದಿನದ ಒಳಗೆ ಜ್ವರ ಇಳಿಯುತ್ತದೆ, ಮನೆಯವರು ಸದ್ಯ ಬಿಟ್ಟಿತಲ್ಲ ಅಂತ ಉಸಿರು ಬಿಡುತ್ತಾರೆ. ಅಪಾಯ ಶುರುವಾಗುವುದೇ ಆ ಹೊತ್ತಿನಲ್ಲಿ. ಹೊಟ್ಟೆ ನೋವು, ಮತ್ತೆ ಮತ್ತೆ ವಾಂತಿ, ವಸಡಿನಲ್ಲಿ ರಕ್ತ, ಮಗು ಸೊರಗಿ ಮೂಲೆ ಹಿಡಿಯುವುದು, ಇದರಲ್ಲಿ ಒಂದು ಕಂಡರೂ ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಗಾಡಿ ಸಿಗದಿದ್ದರೆ 108ಕ್ಕೆ ಫೋನ್ ಮಾಡಿ. ಮಳೆಗಾಲದಲ್ಲಿ ಎರಡು ದಿನ ಬಿಡದ ಜ್ವರಕ್ಕೆ ರಕ್ತ ಪರೀಕ್ಷೆ ಮಾಡಿಸಿ, ಪ್ಯಾರಾಸಿಟಮಾಲ್ ಬಿಟ್ಟು ಬೇರೆ ಜ್ವರದ ಮಾತ್ರೆಗಳನ್ನು ನೀವಾಗಿಯೇ ಕೊಡಬೇಡಿ.

ತಲೆಯಲ್ಲಿ ಹೇನು ಅಂತ ಯಾವ ಮಗುವನ್ನೂ ವಾಪಸ್ ಕಳಿಸಬಾರದು. ಟೀಚರುಗಳಿಗೇ ಹೇಳುತ್ತಿದ್ದೇನೆ. ಎಲ್ಲರ ಮುಂದೆ ಎದ್ದು ನಿಲ್ಲಿಸಿದ ಆ ಅವಮಾನ ಆ ಹುಡುಗಿಗೆ ದೊಡ್ಡವಳಾದರೂ ಮರೆಯುವುದಿಲ್ಲ.

ಇನ್ನೊಂದು, ದಿನಾ ಬೆಳಿಗ್ಗೆ ಹೊಟ್ಟೆ ನೋವು ಅನ್ನುವ ಮಕ್ಕಳು. ಜ್ವರ ಇಲ್ಲ, ಭೇದಿ ಇಲ್ಲ, ಭಾನುವಾರ ಮಾತ್ರ ನೋವೇ ಇಲ್ಲ. ನಾಟಕ ಅಂತ ಬೈದು ಎಳೆದುಕೊಂಡು ಬರುತ್ತಾರೆ. ಎರಡನೇ ಕ್ಲಾಸಿನ ಒಬ್ಬಳನ್ನು ಪಕ್ಕಕ್ಕೆ ಕೂರಿಸಿಕೊಂಡು, ಅವಳ ಜಡೆ ಬಿಚ್ಚಿ ಮತ್ತೆ ಹೆಣೆಯುತ್ತಾ ಸುಮ್ನೆ ಮಾತಾಡಿಸಿದೆ. ಶೌಚಾಲಯದ ಚಿಲಕ ಮುರಿದಿದೆ, ದೊಡ್ಡ ಹುಡುಗರು ಬಾಗಿಲು ತಳ್ಳುತ್ತಾರೆ, ಅದಕ್ಕೆ ಬೆಳಿಗ್ಗೆಯಿಂದ ಸಂಜೆವರೆಗೂ ತಡೆದುಕೊಂಡಿರುತ್ತಿದ್ದಳು. ನಿಜವಾದ ಹೊಟ್ಟೆ ನೋವೇ ಅದು. ಚಿಲಕ ಹಾಕಿಸಿದೆವು, ವಾರದಲ್ಲಿ ನೋವು ಹೋಯಿತು.

ಕೊನೆಗೆ ಎಲ್ಲಾ ಬಂದು ನಿಲ್ಲುವುದು ಮನೆಯಲ್ಲಿ ನೋಡಿಕೊಳ್ಳುವವರು ಯಾರು ಅನ್ನೋದರ ಮೇಲೆ. ಕಳಿಸಬೇಡಿ ಅನ್ನುವುದು ನನಗೆ ಸುಲಭ. ದಿನದ ಕೂಲಿ ಕಳೆದುಕೊಳ್ಳುವುದು ಅವರು. ಕೆಲವು ಮಕ್ಕಳಿಗೆ ಶಾಲೆಯ ಊಟವೇ ದಿನದ ಒಳ್ಳೆ ಊಟ. ಎಷ್ಟೋ ಮನೆಗಳಲ್ಲಿ ತಮ್ಮನಿಗೆ ಜ್ವರ ಬಂದರೆ ಐದನೇ ಕ್ಲಾಸಿನ ಅಕ್ಕನೂ ಶಾಲೆ ಬಿಟ್ಟು ಮನೆ ಕಾಯುತ್ತಾಳೆ, ಅದು ನನಗೆ ಎಲ್ಲಕ್ಕಿಂತ ಜಾಸ್ತಿ ಸಂಕಟ. ಇದಕ್ಕೆಲ್ಲ ನನ್ನ ಹತ್ತಿರ ಪೂರ್ತಿ ಪರಿಹಾರ ಇಲ್ಲ. ಆದರೆ ಜೂನ್‌ನಲ್ಲೇ ಪ್ರತಿ ಮನೆಯವರನ್ನೂ ಕೂರಿಸಿ ಕೇಳುತ್ತೇನೆ, ಹುಷಾರಿಲ್ಲದ ದಿನ ಮಗು ಎಲ್ಲಿರುತ್ತದೆ, ಹಗಲು ಹೊತ್ತು ಎತ್ತುವ ಫೋನ್ ಯಾರದು. ಚಿಕ್ಕಮ್ಮ, ಪಕ್ಕದ ಮನೆಯವರು, ಡೈರಿಯವರು, ಅಂಗಡಿಯವರು, ಯಾರದ್ದಾದರೂ ಆಗಲಿ, ಎರಡು ನಂಬರ್ ನನ್ನ ನೋಟ್‌ಬುಕ್ಕಿನಲ್ಲಿ ಇರಬೇಕು. ಬೀರುವಿನಲ್ಲಿ ಒಂದು ಡಿಜಿಟಲ್ ಥರ್ಮಾಮೀಟರ್ ಇಟ್ಟಿದ್ದೇನೆ. ರಜ ಆದ ದಿನದ ಕಾರ್ಡುಗಳನ್ನು ಮನೆಗೆ ಕಳಿಸುತ್ತೇನೆ, ಪಾಠ ತಪ್ಪುತ್ತದೆ ಅನ್ನುವ ಭಯಕ್ಕೆ ಯಾರೂ ಸಿರಪ್ ಕುಡಿಸಬಾರದು ಅಂತ.

ಆ ಹುಡುಗ ಈಗ ಮೂರನೇ ಕ್ಲಾಸು. ಹೋದ ತಿಂಗಳು ಒಂದು ಬೆಳಿಗ್ಗೆ ಏಳೂವರೆಗೆ ಅವನ ಅಮ್ಮನ ಫೋನ್ ಬಂತು, ಹಿಂದೆ ಗಾರ್ಮೆಂಟ್ಸ್ ವ್ಯಾನಿನ ಸದ್ದು. "ಮಿಸ್, ರಾತ್ರಿ ಎರಡು ಗಂಟೆಗೆ ಸಿರಪ್ ಹಾಕಿದೀನಿ. ಇವತ್ತು ಕಳ್ಸಲ್ಲ, ಚಿಕ್ಕಮ್ಮನ ಮನೇಲಿ ಬಿಟ್ಟಿದೀನಿ. ಸಂಜೆ ಅವ್ನ ಅಕ್ಕನ ಕೈಲಿ ಕಾರ್ಡು ಕಳ್ಸಿಬಿಡಿ" ಅಂದರು. ಎರಡು ಕಾರ್ಡು ಕಳಿಸಿದೆ. ಮೂರನೇ ದಿನ ಬಂದ. ಕಾರ್ಡು ಮಳೆಗೆ ನೆನೆಯದಂತೆ ಹಾಲಿನ ಕವರಿನಲ್ಲಿ ಸುತ್ತಿ ತಂದಿದ್ದ, ಎರಡನ್ನೂ ಮುಗಿಸಿದ್ದ.