ಯಾವಾಗಲೂ ಯಾರದೋ ಚಿಕ್ಕಪ್ಪ

ಡಿಸೆಂಬರ್ ಬಂತೆಂದರೆ ಅಮೆರಿಕದ ಟಿ.ವಿ.ಯಲ್ಲಿ ತಪ್ಪದೆ ಬರುವ, 1946ರ ‘ಇಟ್ಸ್ ಎ ವಂಡರ್‌ಫುಲ್ ಲೈಫ್’ ಚಿತ್ರವನ್ನು ಈ ಸಲ ಮಗಳೊಂದಿಗೆ ನೋಡುತ್ತಿದ್ದಾಗ, ಅವಳ ಕಣ್ಣು ನಾಯಕ ಜೇಮ್ಸ್ ಸ್ಟೀವರ್ಟ್ ಮೇಲಿರದೆ ಅವನ ಮರೆಗುಳಿ ಚಿಕ್ಕಪ್ಪ ಬಿಲ್ಲಿಯ ಮೇಲೆಯೇ ನೆಟ್ಟಿತ್ತು. “ಅಪ್ಪಾ, ‘ಗಾನ್ ವಿತ್ ದಿ ವಿಂಡ್‌’ನಲ್ಲಿ ಸ್ಕಾರ್ಲೆಟ್‌ಳ ಅಪ್ಪ ಆಗಿದ್ದವರು ಇವರೇ ಅಲ್ವಾ? ಇವರು ಯಾವಾಗಲೂ ಯಾರದೋ ಅಪ್ಪ, ಯಾರದೋ ಚಿಕ್ಕಪ್ಪ. ಇವರದೇ ಕಥೆ ಯಾವುದು?” ಎಂದಳು.

ಬಿಲ್ಲಿಯ ಪಾತ್ರ ಮಾಡಿದ ಥಾಮಸ್ ಮಿಚೆಲ್ ನನ್ನ ಮೆಚ್ಚಿನ ನಟನಾದ್ದರಿಂದ ಆ ಮಾತು ಒಂದಿಷ್ಟು ನೋಯಿಸಿತು. ನಾನು ನಿತ್ಯ ಕೆಲಸಕ್ಕೆ ಹೋಗುವ ರೈಲು ನಿಲ್ಲುವ, ನ್ಯೂಜೆರ್ಸಿಯ ಎಲಿಜಬೆತ್ ಊರಿನಲ್ಲೇ ಅವನು 1892ರಲ್ಲಿ ಹುಟ್ಟಿದ್ದು. ಐರ್ಲೆಂಡಿನಿಂದ ವಲಸೆ ಬಂದ ದಂಪತಿಯ ಮಗ. ಮೊದಲು ಪತ್ರಿಕಾ ವರದಿಗಾರನಾಗಿದ್ದು, ಆಮೇಲೆ ರಂಗಭೂಮಿ ಸೇರಿ, ನಟಿಸುವುದರ ಜೊತೆಗೆ ನಾಟಕಗಳನ್ನು ಬರೆದು ನಿರ್ದೇಶಿಸಿದವನು. ಹಾಲಿವುಡ್‌ನಲ್ಲಿ ಅವನು ನೆಲೆಯೂರಿದ್ದು ನಲವತ್ತು ದಾಟಿದ ಮೇಲೆ, 1936ರ ಹೊತ್ತಿಗೆ.

ಮಗಳಿಗೆ ನಾನು ಹೇಳಿದ್ದು 1939ರ ಸಂಗತಿ. ಆ ಒಂದೇ ವರ್ಷದಲ್ಲಿ ತೆರೆಕಂಡ ಐದು ದೊಡ್ಡ ಚಿತ್ರಗಳಲ್ಲಿ ಅವನಿದ್ದ: ‘ಸ್ಟೇಜ್‌ಕೋಚ್‌’ನಲ್ಲಿ ಕುಡುಕ ವೈದ್ಯ, ‘ಗಾನ್ ವಿತ್ ದಿ ವಿಂಡ್‌’ನಲ್ಲಿ ಸ್ಕಾರ್ಲೆಟ್‌ಳ ತಂದೆ, ‘ಮಿಸ್ಟರ್ ಸ್ಮಿತ್ ಗೋಸ್ ಟು ವಾಷಿಂಗ್ಟನ್‌’ನಲ್ಲಿ ಪತ್ರಕರ್ತ, ‘ದಿ ಹಂಚ್‌ಬ್ಯಾಕ್ ಆಫ್ ನೋತ್ರ್ ದಾಮ್‌’ನಲ್ಲಿ ಭಿಕ್ಷುಕರ ಒಡೆಯ, ‘ಓನ್ಲಿ ಏಂಜೆಲ್ಸ್ ಹ್ಯಾವ್ ವಿಂಗ್ಸ್‌’ನಲ್ಲಿ ದೃಷ್ಟಿ ಮಂದವಾಗುತ್ತಿರುವ ವಿಮಾನ ಚಾಲಕ. ಈ ಕೊನೆಯ ಪಾತ್ರ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು. ಸಾಯುವ ಗಳಿಗೆಯಲ್ಲಿ ತಾನು ಹೇಗೆ ನಡೆದುಕೊಂಡೇನೋ ಎಂಬ ಅಳುಕಿನಿಂದ ಅವನು ಜೀವದ ಗೆಳೆಯನನ್ನೇ ಕೋಣೆಯಿಂದ ಹೊರಗೆ ಹೋಗೆನ್ನುತ್ತಾನೆ. ಆ ಗೆಳೆಯನಾಗಿ ನಟಿಸಿದ ಕ್ಯಾರಿ ಗ್ರಾಂಟ್ ಮರುಮಾತಿಲ್ಲದೆ ಎದ್ದು ಹೋಗುತ್ತಾನೆ. ದನಿ ಏರಿಸದೆ, ಕಣ್ಣೀರಿಡದೆ ಸಾವನ್ನು ಅಷ್ಟು ಮರ್ಯಾದೆಯಿಂದ ಅಭಿನಯಿಸಿದ ನಾಯಕನಟರು ನನಗೆ ಬೇಗ ನೆನಪಾಗುವುದಿಲ್ಲ.

‘ಸ್ಟೇಜ್‌ಕೋಚ್‌’ನ ವೈದ್ಯ, ಹೆರಿಗೆ ನೋವು ಶುರುವಾದ ಹೆಂಗಸಿಗಾಗಿ ಕಪ್ಪು ಕಾಫಿಯನ್ನು ಒಂದರ ಮೇಲೊಂದು ಕುಡಿದು ಅಮಲು ಇಳಿಸಿಕೊಳ್ಳುತ್ತಾನೆ. ಆ ಪಾತ್ರಕ್ಕೆ ಮಿಚೆಲ್‌ಗೆ ಆಸ್ಕರ್ ಬಂತು. 1953ರಲ್ಲಿ ರಂಗಭೂಮಿಯ ಟೋನಿ ಮತ್ತು ಟಿ.ವಿ.ಯ ಎಮ್ಮಿ ಎರಡೂ ಬಂದು, ಈ ಮೂರೂ ಪ್ರಶಸ್ತಿಗಳನ್ನು ಪಡೆದ ಮೊದಲ ಪುರುಷ ನಟ ಅವನಾದ. ಹೀಗಿದ್ದೂ ನಮ್ಮ ಪಕ್ಕದ ಮನೆಯ, ಹಳೆಯ ಚಿತ್ರಗಳನ್ನೇ ನೋಡುತ್ತ ಬೆಳೆದ ಹಿರಿಯರಿಗೆ ಅವನ ಮುಖ ಗೊತ್ತು, ಹೆಸರು ಗೊತ್ತಿಲ್ಲ.

ಮಗಳ ಪ್ರಶ್ನೆಗೆ ಉತ್ತರ ಚಿಕ್ಕಪ್ಪ ಬಿಲ್ಲಿಯಲ್ಲೇ ಇದೆಯೆಂದು ನನಗನ್ನಿಸುತ್ತದೆ. ಮರೆಯಬಾರದೆಂದು ಬೆರಳುಗಳಿಗೆ ದಾರ ಕಟ್ಟಿಕೊಳ್ಳುವ ಈ ಮುದುಕ, ಬ್ಯಾಂಕಿಗೆ ಕಟ್ಟಬೇಕಾದ 8,000 ಡಾಲರನ್ನು, ಸಿರಿವಂತ ಪಾಟರ್‌ನನ್ನು ಕೆಣಕುವ ಹುರುಪಿನಲ್ಲಿ, ಅವನದೇ ಪತ್ರಿಕೆಯ ಮಡಿಕೆಯೊಳಗೆ ಸೇರಿಸಿ ಅವನ ಕೈಗೇ ಕೊಟ್ಟುಬಿಡುತ್ತಾನೆ. ಅಣ್ಣನ ಮಗ ಬೈದು ಹೊರಟುಹೋದ ಮೇಲೆ ಮೇಜಿನ ಮೇಲೆ ತಲೆಯಿಟ್ಟು ಬಿಕ್ಕುವಾಗ ಅವನ ತೋಳಿನ ಮೇಲೆ ಅಳಿಲೊಂದು ಹತ್ತಿ ಬರುತ್ತದೆ. ಆ ಅಳು ಸುಳ್ಳೆನಿಸಿದ್ದರೆ ನಾಯಕನ ಹತಾಶೆಯೂ ಸುಳ್ಳೆನಿಸುತ್ತಿತ್ತು, ಸೇತುವೆಯ ಮೇಲೆ ನಿಂತು ಅವನು ಸಾಯಲು ಯೋಚಿಸುವುದಕ್ಕೆ ಕಾರಣವೇ ಉಳಿಯುತ್ತಿರಲಿಲ್ಲ. ಇಡೀ ಕಥೆಯ ಭಾರವನ್ನು ಹೊತ್ತವನು ಅವನು.

ನಮ್ಮ ಕೆ.ಎಸ್. ಅಶ್ವತ್ಥ್ ಅವರನ್ನು ನೆನೆಯದೆ ನನಗೆ ಮಿಚೆಲ್‌ನನ್ನು ನೋಡಲಾಗುವುದಿಲ್ಲ. 1972ರ ‘ನಾಗರಹಾವು’ ಚಿತ್ರದಲ್ಲಿ ರಾಮಾಚಾರಿಯ ಸಿಟ್ಟು ನಮಗೆ ತಾಗುವುದು, ಅವನನ್ನು ಮಗನಂತೆ ಕಾಣುವ ಚಾಮಯ್ಯ ಮೇಷ್ಟ್ರ ಮುಖದ ಮೇಲೆ ಅದರ ನೋವನ್ನು ಕಂಡಾಗಲೇ. ಅಭಿಮಾನದಲ್ಲಿ ನಾವು ಯಾರಿಗೂ ಕಡಿಮೆಯಲ್ಲ. ಮೇಷ್ಟ್ರನ್ನು ಮರೆತ ಕನ್ನಡಿಗರನ್ನು ನಾನು ಇಲ್ಲಿಯೂ ಕಂಡಿಲ್ಲ. ಕಾಪಾಡುವುದರಲ್ಲಿ ಮಾತ್ರ ಹಿಂದೆ ಬಿದ್ದಿದ್ದೇವೆ. 1939ರ ಆ ಐದು ಚಿತ್ರಗಳಲ್ಲಿ ನಾಲ್ಕು ಇಂದು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನ ರಾಷ್ಟ್ರೀಯ ಚಲನಚಿತ್ರ ಪಟ್ಟಿಯಲ್ಲಿವೆ, ಅಂದರೆ ಮುಂದಿನವರಿಗಾಗಿ ಉಳಿಸಲೇಬೇಕೆಂದು ಗುರುತಿಸಿಟ್ಟ ಚಿತ್ರಗಳಲ್ಲಿ ಸೇರಿವೆ. ನಮ್ಮ ಮೊದಲ ವಾಕ್ಚಿತ್ರ, 1934ರ ‘ಸತಿ ಸುಲೋಚನ’ದ ಪ್ರತಿಯೇ ಉಳಿದಿಲ್ಲ. ಅಶ್ವತ್ಥ್ ಅವರು 2010ರಲ್ಲಿ ತೀರಿಕೊಂಡರು. ಐವತ್ತರ ದಶಕದಿಂದ ಅವರು ಮಾಡಿದ ಪಾತ್ರಗಳಲ್ಲಿ ಯಾವುವು ನೋಡಲು ಯೋಗ್ಯವಾದ ಪ್ರತಿಯಾಗಿ ಉಳಿದಿವೆ, ಯಾವುವು ಬರೀ ಹೆಸರಾಗಿವೆ ಎಂಬುದನ್ನು, ಆ ಚಿತ್ರಗಳಲ್ಲಿ ದುಡಿದವರು ಇನ್ನೂ ನಮ್ಮೊಡನಿರುವಾಗಲೇ, ಊರಿನಲ್ಲಿರುವ ಯಾರಾದರೂ ಕುಳಿತು ದಾಖಲಿಸಬೇಕು. ಅದಕ್ಕೆ ಬೇಕಾದ ಹಣ ಕೂಡಿಸಲು ಇಲ್ಲಿನ ಕನ್ನಡ ಕೂಟದ ಗೆಳೆಯರನ್ನು ಕೇಳುವ ಹೊಣೆ ನನ್ನದು.