ಎಪ್‌ವರ್ತ್ ರೆಕ್ಟರಿಯ ಗೃಹಿಣಿ

ಮೈಸೂರಿನ ವೆಸ್ಲಿ ಪ್ರೆಸ್ಸಿನ ಹೆಸರನ್ನು ಹಳೆಯ ಕನ್ನಡ ಪುಸ್ತಕಗಳಲ್ಲಿ ಕಂಡವರು ಬಹಳ ಮಂದಿ ಇರಬಹುದು. ಆ ಹೆಸರಿಗೆ ಮೂಲನಾದ ಜಾನ್ ವೆಸ್ಲಿ ಮೆಥಡಿಸ್ಟ್ ಎಂಬ ಕ್ರೈಸ್ತ ಪಂಥವನ್ನು ಕಟ್ಟಿದವನು. ಅವನ ತಮ್ಮ ಚಾರ್ಲ್ಸ್ ಸಾವಿರಾರು ಕೀರ್ತನೆಗಳನ್ನು ಬರೆದವನು. ಇಬ್ಬರ ಬಗೆಗೂ ಕಪಾಟು ತುಂಬುವಷ್ಟು ಗ್ರಂಥಗಳಿವೆ. ನನಗೆ ಹೆಚ್ಚು ಕುತೂಹಲವಿರುವುದು ಅವರ ತಾಯಿ ಸುಸನ್ನಾಳ ವಿಷಯದಲ್ಲಿ. ಅದರಲ್ಲೂ ಒಬ್ಬ ಹಳ್ಳಿ ಪಾದ್ರಿಯ ಹೆಂಡತಿಯಾಗಿ ಆಕೆ 46 ವರ್ಷ ಸಂಸಾರ ತೂಗಿಸಿದ ಬಗೆಯಲ್ಲಿ.

ಪಾದ್ರಿಗೆ ಹೆಂಡತಿ ಇರುವುದೇ ಇಂಗ್ಲೆಂಡಿನಲ್ಲಿ ಆಗಿನ್ನೂ ಬಹಳ ಹಳೆಯ ಪದ್ಧತಿಯಾಗಿರಲಿಲ್ಲ. 1549ರಲ್ಲಿ ಕಾನೂನು ಪಾದ್ರಿಗಳಿಗೆ ಮದುವೆಯ ಅನುಮತಿ ಕೊಟ್ಟಿತು, ಮೇರಿ ರಾಣಿಯ ಕಾಲದಲ್ಲಿ ಅದು ರದ್ದಾಯಿತು. ಮುಂದೆ ಬಂದ ಮೊದಲನೆಯ ಎಲಿಜಬೆತ್ ಅದನ್ನು ಒಲ್ಲದ ಮನಸ್ಸಿನಿಂದ ಸಹಿಸಿಕೊಂಡಳು. ವಧುವನ್ನು ಬಿಷಪ್ಪನೂ ಇಬ್ಬರು ನ್ಯಾಯಾಧಿಕಾರಿಗಳೂ ವಿಚಾರಿಸಿ ಒಪ್ಪಿದ ಮೇಲೆಯೇ ಪಾದ್ರಿ ಮದುವೆಯಾಗಬೇಕೆಂದು 1559ರಲ್ಲಿ ಆಜ್ಞೆ ಹೊರಡಿಸಿದಳು. ಸುಸನ್ನಾಳ ಕಾಲಕ್ಕೆ ಇಂಥ ಅನುಮಾನಗಳೆಲ್ಲ ಕರಗಿದ್ದವು. ಆದರೆ ಒಂದು ಸಂಗತಿ ಮಾತ್ರ ಹಾಗೆಯೇ ಉಳಿದಿತ್ತು: ಪಾದ್ರಿಯ ಹೆಂಡತಿ ವಾಸಿಸುವ ಮನೆ, ಉಣ್ಣುವ ಅನ್ನ, ಊರಿನಲ್ಲಿ ಅವಳಿಗಿರುವ ಮರ್ಯಾದೆ, ಎಲ್ಲವೂ ಗಂಡನ ಹುದ್ದೆಗೆ ಅಂಟಿಕೊಂಡವು. ಹುದ್ದೆ ಹೋದ ದಿನ ಅವೂ ಹೋಗುತ್ತಿದ್ದವು.

ಸುಸನ್ನಾ 1669ರಲ್ಲಿ ಲಂಡನ್ನಿನಲ್ಲಿ ಹುಟ್ಟಿದಳು. ತಂದೆ ಸ್ಯಾಮ್ಯುಯೆಲ್ ಆನ್ಸ್ಲಿ ರಾಜಮಾನ್ಯ ಚರ್ಚಿನಿಂದ ಹೊರಬಂದ ಪ್ರಸಿದ್ಧ ಬೋಧಕ. ಅವನ 25 ಮಕ್ಕಳಲ್ಲಿ ಈಕೆಯೇ ಕೊನೆಯವಳೆಂದು ಹೇಳುತ್ತಾರೆ. ಇನ್ನೂ 13ರ ಆಸುಪಾಸಿನಲ್ಲಿದ್ದಾಗಲೇ ತಂದೆ ಬಿಟ್ಟುಬಂದ ಚರ್ಚಿಗೆ ತಾನು ಸೇರುವೆನೆಂದು ಈ ಹುಡುಗಿ ಸ್ವಂತವಾಗಿ ಯೋಚಿಸಿ ತೀರ್ಮಾನಿಸಿದಳು, ತಂದೆಯೂ ತಡೆಯಲಿಲ್ಲ. 1688ರಲ್ಲಿ ಸ್ಯಾಮ್ಯುಯೆಲ್ ವೆಸ್ಲಿಯೊಡನೆ ಮದುವೆಯಾಯಿತು. 1690ರ ದಶಕದಲ್ಲಿ ಅವನಿಗೆ ಲಿಂಕನ್‌ಶೈರಿನ ಎಪ್‌ವರ್ತ್ ಊರಿನ ರೆಕ್ಟರ್ ಹುದ್ದೆ, ಎಂದರೆ ಊರಚರ್ಚಿನ ಪಾದ್ರಿಯ ಸ್ಥಾನವೂ ಅದರೊಡನೆ ರೆಕ್ಟರಿ ಎಂಬ ವಾಸದ ಮನೆಯೂ ದೊರೆಯಿತು. ಜೌಗುನೆಲವನ್ನು ಬಸಿದು ಬೇಸಾಯಕ್ಕೆ ತಂದ ಸೀಮೆ ಅದು. ಹೊರಗಿನಿಂದ ಬಂದ ಯಜಮಾನಿಕೆಯನ್ನು ಅಲ್ಲಿನ ಜನ ಸುಲಭವಾಗಿ ಒಪ್ಪುವವರಲ್ಲ.

ಹೆಸರಿಗೆ ಆ ಹುದ್ದೆಯ ಆದಾಯ ವರ್ಷಕ್ಕೆ ಸುಮಾರು 200 ಪೌಂಡ್, ಅಂದಿನ ಲೆಕ್ಕದಲ್ಲಿ ಕಡಿಮೆಯೇನಲ್ಲ. ಆದರೆ ಅದು ತಿಂಗಳ ಮೊದಲ ತಾರೀಖು ಕೈಗೆ ಬರುವ ಸಂಬಳವಾಗಿರಲಿಲ್ಲ. ರೈತರಿಂದ ವಸೂಲಾಗಬೇಕಾದ ದಶಮಾಂಶ ಮತ್ತು ಚರ್ಚಿಗೆ ಸೇರಿದ ಉಂಬಳಿ ಜಮೀನಿನ ಬೆಳೆ, ಇವೆರಡೇ ಅದರ ಆಧಾರ. ಕೊಡಬೇಕಾದವರಿಗೆ ಪಾದ್ರಿಯನ್ನು ಕಂಡರೆ ಆಗದು; ಬೆಳೆ ತೆಗೆಯಬೇಕಾದ ಪಾದ್ರಿಗೆ ಬೇಸಾಯ ಬಾರದು. ಸ್ಯಾಮ್ಯುಯೆಲ್ ಪಂಡಿತ, ಕವಿ, ಬೈಬಲಿನ ಯೋಬನ ಗ್ರಂಥದ ಮೇಲೆ ಲ್ಯಾಟಿನಿನಲ್ಲಿ ಬೃಹತ್ ಪ್ರಬಂಧ ಬರೆಯುವುದರಲ್ಲಿ ಮುಳುಗಿದ್ದವನು. ತಾಳ್ಮೆಗೆ ಹೆಸರಾದ ಯೋಬನ ಬಗ್ಗೆ ಗಂಡ ಬರೆಯುತ್ತಿದ್ದ, ತಾಳ್ಮೆಯ ಪಾಲು ಹೆಂಡತಿಗೆ ಬಂದಿತ್ತು ಎನ್ನಲು ನನಗೆ ಸಂಕೋಚವಿಲ್ಲ.

1690ರಿಂದ 1709ರವರೆಗೆ ಆಕೆ 19 ಮಕ್ಕಳನ್ನು ಹೆತ್ತಳು. ಉಳಿದು ಬೆಳೆದವರು 10: ಮೂವರು ಗಂಡು, ಏಳು ಹೆಣ್ಣು. ಈ ಸಂಖ್ಯೆಗಳನ್ನು ಬರೆದು ಮುಂದೆ ಹೋಗುವುದು ಸುಲಭ. ಒಂದು ಸಾವನ್ನಾದರೂ ಹತ್ತಿರದಿಂದ ನೋಡಬೇಕು. 1705ರ ಚುನಾವಣೆಯಲ್ಲಿ ಸ್ಯಾಮ್ಯುಯೆಲ್ ಊರಿನವರಿಗೆ ಒಪ್ಪಿಗೆಯಾಗದ ಪಕ್ಷವನ್ನು ಹಿಡಿದಿದ್ದ. ಸುಸನ್ನಾ ಹೆತ್ತು ಮೂರು ವಾರ ಕಳೆಯುವಷ್ಟರಲ್ಲಿ ಜನ ರಾತ್ರಿ ಬಾಣಂತಿಯ ಕೋಣೆಯ ಕಿಟಕಿಯ ಕೆಳಗೆ ಗುಂಪುಗೂಡಿ ಡೋಲು ಬಡಿದರು, ಕೂಗಿದರು, ಗುಂಡು ಹಾರಿಸಿದರು. ಕೂಸು ಎದುರು ಮನೆಯಲ್ಲಿ ದಾದಿಯ ಮಗ್ಗುಲಲ್ಲಿತ್ತು. ಗಲಾಟೆಯಿಂದ ನಡುರಾತ್ರಿ ಮೀರುವವರೆಗೆ ಎಚ್ಚರವಿದ್ದ ಆ ದಾದಿ ಆಮೇಲೆ ಗಾಢನಿದ್ರೆಗೆ ಜಾರಿ, ಹೊರಳಿದಾಗ ಮಗು ಅವಳ ಮೈಯಡಿ ಸಿಕ್ಕಿ ಉಸಿರುಗಟ್ಟಿತು. ಎಚ್ಚರಾದವಳು ಹುಚ್ಚಿಯಂತೆ ಓಡಿಬಂದು ಶವವನ್ನು ಆಳುಗಳ ಕೈಗೆ ಹಾಕಿದಳು; ಆಳುಗಳು ಮಹಡಿಗೆ ಓಡಿ, ಇನ್ನೂ ಪೂರ್ತಿ ಎಚ್ಚರಗೊಳ್ಳದ ತಾಯಿಯ ತೋಳಿಗೆ ಆ ತಣ್ಣಗಾದ ಮೈಯನ್ನು ಇಟ್ಟುಬಿಟ್ಟರು. ಸ್ಯಾಮ್ಯುಯೆಲ್ ತನ್ನ ಪತ್ರದಲ್ಲಿ ಇಷ್ಟನ್ನೂ ದಾಖಲಿಸಿದ್ದಾನೆ.

ಕೆಲವೇ ವಾರಗಳಲ್ಲಿ, 30 ಪೌಂಡಿಗೂ ಕಡಿಮೆಯ ಒಂದು ಸಾಲಕ್ಕಾಗಿ, ಅವನನ್ನು ಬಂಧಿಸಿ ಲಿಂಕನ್ ಕೋಟೆಯ ಸೆರೆಮನೆಗೆ ಒಯ್ದರು. ಮನೆಯಲ್ಲಿ ಹಣವಿಲ್ಲದೆ ಸುಸನ್ನಾ ತನ್ನ ಉಂಗುರಗಳನ್ನೇ ಅವನಿಗೆ ಕಳುಹಿಸಿದಳು, ಅವನು ಹಿಂದಿರುಗಿಸಿದ. ಅತ್ತ ಊರಿನ ಕಿಡಿಗೇಡಿಗಳು ರೆಕ್ಟರಿಯ ಹಸುಗಳನ್ನು ಇರಿದು ಮಕ್ಕಳ ಹಾಲಿಗೂ ಸಂಚಕಾರ ತಂದರು. ಈ ಸಂಕಟದ ನಡುವೆ ಯಾರ್ಕಿನ ಆರ್ಚ್‌ಬಿಷಪ್ ಜಾನ್ ಶಾರ್ಪ್, ನಿಮಗೆ ನಿಜವಾಗಿಯೂ ಎಂದಾದರೂ ರೊಟ್ಟಿಯಿಲ್ಲದೆ ಹೋಗಿತ್ತೇ ಎಂದು ಆಕೆಯನ್ನು ಕೇಳಿದ. ಆಕೆಯ ಉತ್ತರ ನನ್ನ ಮಟ್ಟಿಗೆ ಆ ಶತಮಾನದ ಅರ್ಥಶಾಸ್ತ್ರವೆಲ್ಲ ಅಡಗಿರುವ ಮಾತು. ಕಟ್ಟುನಿಟ್ಟಾಗಿ ಹೇಳುವುದಾದರೆ ರೊಟ್ಟಿಯಿಲ್ಲದೆ ಹೋದದ್ದಿಲ್ಲ. ಆದರೆ ತಿನ್ನುವ ಮುಂಚೆ ಅದನ್ನು ಹೊಂದಿಸುವ ಚಿಂತೆ, ತಿಂದ ಮೇಲೆ ಅದರ ಹಣ ತೀರಿಸುವ ಚಿಂತೆ ಎಷ್ಟಿತ್ತೆಂದರೆ ರೊಟ್ಟಿಯೇ ರುಚಿಸದಂತಾಗುತ್ತಿತ್ತು, ಅಂಥ ರೊಟ್ಟಿ ಸಿಗುವುದು ಏನೂ ಸಿಗದಿರುವುದಕ್ಕಿಂತ ಒಂದೇ ಮೆಟ್ಟಿಲು ಮೇಲು, ಎಂಬುದು ಅದರ ಸಾರ. ದೂರೂ ಇಲ್ಲ, ಸುಳ್ಳೂ ಇಲ್ಲ. ಆರ್ಚ್‌ಬಿಷಪ್ ಹಣ ಕೊಟ್ಟ.

ಇಷ್ಟೆಲ್ಲ ಸಹಿಸಿದವಳನ್ನು ತಗ್ಗಿ ಬಗ್ಗಿ ನಡೆಯುವ ಹೆಂಗಸೆಂದು ತಿಳಿಯಬಾರದು. ಹಿಂದಿನ ರಾಜ ಎರಡನೆಯ ಜೇಮ್ಸ್‌ನನ್ನು ಬದಿಗೊತ್ತಿ ಮೂರನೆಯ ವಿಲಿಯಂ ರಾಜನಾದದ್ದು ನ್ಯಾಯವಲ್ಲ ಎಂಬುದು ಆಕೆಯ ನಂಬಿಕೆ. ಗಂಡ ರಾಜನಿಗಾಗಿ ಪ್ರಾರ್ಥಿಸಿದಾಗ ಆಕೆ ಆಮೆನ್ ಎನ್ನುತ್ತಿರಲಿಲ್ಲ. ಒಂದು ದಿನ ಇದು ಗಂಡನ ಗಮನಕ್ಕೆ ಬಂತು. ರಾಜರು ಇಬ್ಬರಾದರೆ ಹಾಸಿಗೆಯೂ ಎರಡಾಗಲಿ ಎಂದವನು ಸಿಟ್ಟಿನಿಂದ ಲಂಡನ್ನಿಗೆ ಹೊರಟುಹೋದ. ಆಗ ಆಕೆ ಬರೆದ ಪತ್ರಗಳು 20ನೆಯ ಶತಮಾನದ ನಡುವಿನಲ್ಲಿ ಬೆಳಕಿಗೆ ಬಂದವು. ಮನಸ್ಸಾಕ್ಷಿಯ ವಿಷಯದಲ್ಲಿ ಗಂಡನಿಗೆ ಸುಳ್ಳು ಕ್ಷಮೆ ಕೇಳಲಾರೆ ಎಂದು ಅವುಗಳಲ್ಲಿ ಆಕೆ ಸ್ಪಷ್ಟವಾಗಿ ಹೇಳಿದ್ದಾಳೆ, ಜಾರ್ಜ್ ಹಿಕ್ಸ್ ಎಂಬ ಧರ್ಮಗುರುವಿನಿಂದ ತನ್ನ ನಿಲುವಿಗೆ ಬೆಂಬಲವನ್ನೂ ಪಡೆದಿದ್ದಾಳೆ. 1702ರ ಮಾರ್ಚಿನಲ್ಲಿ ವಿಲಿಯಂ ಸತ್ತರೂ ಮುನಿಸು ತೀರಲಿಲ್ಲ. ಆ ಬೇಸಿಗೆಯಲ್ಲಿ ರೆಕ್ಟರಿಗೆ ಬೆಂಕಿ ಬಿದ್ದು ಬಹುಭಾಗ ಸುಟ್ಟ ಮೇಲೆ ದಂಪತಿಗಳು ಮತ್ತೆ ಒಂದಾದರು. 1703ರ ಜೂನಿನಲ್ಲಿ ಜಾನ್ ಹುಟ್ಟಿದ. ಮೆಥಡಿಸ್ಟ್ ಪಂಥ ಒಂದು ಆಮೆನ್‌ಗೂ ಒಂದು ಬೆಂಕಿಗೂ ಋಣಿಯಾಗಿದೆ.

1709ರ ಫೆಬ್ರವರಿಯ ರಾತ್ರಿ ಮತ್ತೆ ಬೆಂಕಿ. ಈ ಬಾರಿ ಮನೆ ಪೂರ್ತಿ ಹೋಯಿತು. ತುಂಬು ಗರ್ಭಿಣಿ ಸುಸನ್ನಾ ಉರಿಯ ನಡುವೆಯೇ ಹೊರಬಂದಳು, ಐದು ವರ್ಷದ ಜಾನನನ್ನು ಒಬ್ಬನ ಭುಜದ ಮೇಲೆ ಇನ್ನೊಬ್ಬ ನಿಂತು ಕಿಟಕಿಯಿಂದ ಎಳೆದುಕೊಂಡರು. ಇಟ್ಟಿಗೆಯ ಹೊಸ ರೆಕ್ಟರಿ ಎದ್ದಿತು, ಇಂದಿಗೂ ಇದೆ. ಮನೆಯಿಲ್ಲದ ತಿಂಗಳುಗಳಲ್ಲಿ ಬೇರೆಬೇರೆ ಮನೆಗಳಲ್ಲಿದ್ದ ಮಕ್ಕಳು ಅಲ್ಲಿಯ ಒರಟು ಮಾತು, ಬೀದಿಯ ಹಾಡುಗಳನ್ನು ಕಲಿತು ಬಂದದ್ದು ತಾಯಿಗೆ ಹೊಸ ತಲೆನೋವಾಯಿತು.

ಆಕೆಯ ಮನೆಶಾಲೆಯ ಕ್ರಮ ನಮಗೆ ಗೊತ್ತಿರುವುದು, ಜಾನ್ ಕೇಳಿದ್ದರಿಂದ 1732ರಲ್ಲಿ ಬರೆದ ಒಂದು ದೀರ್ಘ ಪತ್ರದಿಂದ. ಬೆಳಗ್ಗೆ 9ರಿಂದ 12, ಮಧ್ಯಾಹ್ನ 2ರಿಂದ 5 ಪಾಠ. ಐದು ತುಂಬಿದ ಮಾರನೆಯ ದಿನ ಅಕ್ಷರಾಭ್ಯಾಸ; ಅಂದು ಯಾರೂ ಆ ಕೋಣೆಗೆ ಬರುವಂತಿಲ್ಲ, ಒಂದೇ ದಿನದಲ್ಲಿ ಮಗು ಇಡೀ ವರ್ಣಮಾಲೆಯನ್ನು ಕಲಿಯಬೇಕು. ಮೇರಿ ಮತ್ತು ಆ್ಯನ್ ಒಂದೂವರೆ ದಿನ ತೆಗೆದುಕೊಂಡರೆಂದು, ಆ ಕಾರಣಕ್ಕೆ ಅವರನ್ನು ಮಂದಬುದ್ಧಿಯವರೆಂದು ತಿಳಿದೆನೆಂದು ತಾಯಿ ಬರೆದುಕೊಂಡಿದ್ದಾಳೆ. ಮುಂದಿನ ಪಾಠ ನೇರವಾಗಿ ಬೈಬಲಿನ ಆದಿಕಾಂಡದ ಮೊದಲ ಅಧ್ಯಾಯ. ಚೆನ್ನಾಗಿ ಓದಲು ಬರುವವರೆಗೆ ಯಾವ ಹೆಣ್ಣುಮಗಳ ಕೈಗೂ ಸೂಜಿ ಕೊಡಬಾರದು ಎಂಬ ನಿಯಮ ಆ ಕಾಲಕ್ಕೆ ನಿಜಕ್ಕೂ ದೊಡ್ಡದು. ಅದೇ ಪತ್ರದಲ್ಲಿ, ವರ್ಷ ತುಂಬುತ್ತಲೇ ಮಗು ಬೆತ್ತಕ್ಕೆ ಹೆದರಿ ಸದ್ದಿಲ್ಲದೆ ಅಳುವುದನ್ನು ಕಲಿಯಬೇಕು ಎಂಬ ಸಾಲೂ ಇದೆ. ಮಗುವಿನ ಹಟವನ್ನು ಮುರಿಯುವುದೇ ಭಕ್ತಿಯ ಅಡಿಪಾಯ ಎಂದು ಆಕೆ ನಂಬಿದ್ದಳು. ನನಗಂತೂ ಓದಿದಾಗಲೆಲ್ಲ ಮೈ ಜುಮ್ಮೆನ್ನುತ್ತದೆ. ಆದರೆ ತಪ್ಪೊಪ್ಪಿಕೊಂಡ ಮಗುವಿಗೆ ಏಟಿಲ್ಲ, ಒಂದು ತಪ್ಪಿಗೆ ಎರಡು ಸಲ ಶಿಕ್ಷೆಯಿಲ್ಲ ಎಂಬುದೂ ಆಕೆಯದೇ ನಿಯಮ. ಪ್ರತಿ ಸಂಜೆ ಒಂದೊಂದು ಮಗುವಿನೊಡನೆ ಒಂಟಿಯಾಗಿ ಕುಳಿತು ಮಾತನಾಡುವ ಸರದಿಯೂ ಇತ್ತು: ಸೋಮವಾರ ಮೇರಿ, ಮಂಗಳವಾರ ಹೆಟ್ಟಿ, ಗುರುವಾರ ಜಾನ್, ಶನಿವಾರ ಚಾರ್ಲ್ಸ್, ಹೀಗೆ. ತಾನು ದೊಡ್ಡವನಾದ ಮೇಲೂ ಆ ಗುರುವಾರದ ಸಂಜೆಯ ಸ್ವಲ್ಪ ಸಮಯವನ್ನು ತನಗಾಗಿ ಮೀಸಲಿಡಬೇಕೆಂದು ಜಾನ್ ತಾಯಿಗೆ ಬರೆದ.

ಈ ಸರದಿ ಆರಂಭವಾಗುವುದಕ್ಕೆ ನಮ್ಮ ಕಡೆಯ ಒಂದು ನಂಟಿದೆ. ತಮಿಳುನಾಡಿನ ತರಂಗಂಬಾಡಿಗೆ 1706ರಲ್ಲಿ ಬಂದಿಳಿದ ಇಬ್ಬರು ಮಿಷನರಿಗಳ ವೃತ್ತಾಂತ ಅಚ್ಚಾಗಿತ್ತು. ಹಿರಿಯ ಮಗಳು ಎಮಿಲಿಯಾ ತಂದೆಯ ಓದುಕೋಣೆಯಲ್ಲಿ ಸಿಕ್ಕಿದ ಅದನ್ನು ತಾಯಿಗೆ ಓದಿ ಹೇಳಿದಳು. ತಾನು ಗಂಡಸೂ ಅಲ್ಲ, ಪಾದ್ರಿಯೂ ಅಲ್ಲ, ಆದರೂ ಈಗ ಮಾಡುತ್ತಿರುವುದಕ್ಕಿಂತ ಹೆಚ್ಚನ್ನು ಮಾಡಬಹುದಲ್ಲ ಎನಿಸಿತು ಆಕೆಗೆ. 1711–12ರ ಚಳಿಗಾಲ, ಗಂಡ ಧರ್ಮಸಭೆಗಾಗಿ ಲಂಡನ್ನಿನಲ್ಲಿದ್ದ. ಭಾನುವಾರದ ಸಂಜೆ ಮಕ್ಕಳಿಗೂ ಆಳುಗಳಿಗೂ ಆಕೆ ಪ್ರಾರ್ಥನೆ, ಪ್ರವಚನಗಳನ್ನು ಓದುತ್ತಿದ್ದಳು. ಆಳುಹುಡುಗ ತನ್ನ ಮನೆಯಲ್ಲಿ ಹೇಳಿದ, ಅವನ ತಂದೆತಾಯಿ ಬಂದರು, ನೆರೆಯವರು ಬಂದರು. ಫೆಬ್ರವರಿಯ ವೇಳೆಗೆ 200ಕ್ಕೂ ಹೆಚ್ಚು ಜನ ಸೇರಿ, ಜಾಗವಿಲ್ಲದೆ ಹಲವರು ಹಿಂದಿರುಗುವಂತಾಯಿತು.

ಗಂಡನ ಬದಲಿಗೆ ಚರ್ಚಿನಲ್ಲಿದ್ದ ಉಪಪಾದ್ರಿ ಲಂಡನ್ನಿಗೆ ದೂರು ಬರೆದ. ಸ್ಯಾಮ್ಯುಯೆಲ್‌ಗೆ ಮುಜುಗರವಾಯಿತು, ಬೇರೆ ಯಾರಾದರೂ ಗಂಡಸು ಓದಲಿ ಎಂದು ಸೂಚಿಸಿದ. ಇಲ್ಲಿನ ಗಂಡಸರಲ್ಲಿ ಅಕ್ಷರಕ್ಷರ ಕೂಡಿಸದೆ ಒಂದು ಪ್ರವಚನವನ್ನು ಓದಬಲ್ಲವನು ಒಬ್ಬನೂ ಇಲ್ಲ ಎಂದು ಆಕೆ ಉತ್ತರಿಸಿದಳು. ಎರಡನೆಯ ಪತ್ರ ಇನ್ನೂ ಖಾರ. ನಿಲ್ಲಿಸುವುದು ನಿಮ್ಮ ಇಚ್ಛೆ ಎಂದು ಮಾತ್ರ ಹೇಳಬೇಡಿ, ಅದು ನನ್ನ ಮನಸ್ಸಾಕ್ಷಿಗೆ ಸಾಲದು. ಸ್ಪಷ್ಟವಾಗಿ ಆಜ್ಞೆ ಮಾಡಿ, ಆಗ ಅಂತಿಮ ತೀರ್ಪಿನ ದಿನ ಇದರ ಹೊಣೆ ನಿಮ್ಮದಾಗುತ್ತದೆ, ನನ್ನದಲ್ಲ. ವಿಧೇಯತೆಯ ಚೌಕಟ್ಟನ್ನು ಒಂದಿಷ್ಟೂ ಮೀರದೆ ಗಂಡನ ಕೈ ಕಟ್ಟಿಹಾಕಿದ ಈ ಪತ್ರಕ್ಕೆ ಸಮನಾದುದನ್ನು ನಾನು ಬೇರೆಲ್ಲೂ ಓದಿಲ್ಲ. ಗಂಡ ಆಜ್ಞೆ ಮಾಡಲಿಲ್ಲ.

ಇಂಥ ತಾಯಿಯ ಹೆಣ್ಣುಮಕ್ಕಳ ಬದುಕು ಹಸನಾಗಲಿಲ್ಲ. ಗಂಡುಮಕ್ಕಳು ಆಕ್ಸ್‌ಫರ್ಡಿಗೆ ಹೋದರು. ಅವರಷ್ಟೇ ಚುರುಕಾಗಿದ್ದ ಹುಡುಗಿಯರಿಗೆ ವರದಕ್ಷಿಣೆಗೆ ಹಣವಿಲ್ಲ, ವಿದ್ಯೆಗೆ ಸರಿಯಾದ ಕೆಲಸವಿಲ್ಲ. ಎಲ್ಲರಿಗಿಂತ ಪ್ರತಿಭಾವಂತೆ ಹೆಟ್ಟಿ, ಒಳ್ಳೆಯ ಕವಯಿತ್ರಿ. 1725ರಲ್ಲಿ ಪ್ರಿಯಕರನೊಡನೆ ಹೋಗಿ, ಮೋಸಹೋಗಿ ಗರ್ಭಿಣಿಯಾಗಿ ಹಿಂದಿರುಗಿದಳು. ತಂದೆ ಅವಳನ್ನು ವಿಲಿಯಂ ರೈಟ್ ಎಂಬ ಕೊಳಾಯಿ ಕೆಲಸದವನಿಗೆ ಕಟ್ಟಿ, ಮತ್ತೆಂದೂ ಕ್ಷಮಿಸಲಿಲ್ಲ. ಅವಳ ಪರವಾಗಿ ಮಾತನಾಡಿದವರು ಅಕ್ಕ ಮೇರಿ ಮತ್ತು ತಮ್ಮ ಜಾನ್. ಗಂಡನ ರಾಜನಿಗೆ ಆಮೆನ್ ಎನ್ನದ ತಾಯಿ ಮಗಳಿಗಾಗಿ ಹಾಗೆ ಹಟ ಹಿಡಿಯಲಿಲ್ಲ ಎಂಬುದು ನನಗೆ ಇಂದಿಗೂ ಸಮಾಧಾನವಿಲ್ಲದ ಸಂಗತಿ. ಪಾದ್ರಿಯ ಮನೆಯ ಮರ್ಯಾದೆ ಆ ಮನೆಯ ಜೀವನೋಪಾಯವೂ ಆಗಿತ್ತೆಂಬುದು ಕಾರಣವಿರಬಹುದು, ಆದರೂ. ಮೇರಿ ತಾನೇ ಒಬ್ಬ ಪಾದ್ರಿಯನ್ನು ಮದುವೆಯಾಗಿ ವರ್ಷದೊಳಗೆ ಹೆರಿಗೆಯಲ್ಲಿ ಸತ್ತಳು. ಮಾರ್ಥಾಳ ಗಂಡನೂ ಪಾದ್ರಿಯೇ. ಪರಸ್ತ್ರೀಯರ ಸಹವಾಸದಿಂದ ಅವಳ ಬಾಳನ್ನು ಗೋಳುಗೈದ.

ಹಣದ ಆಸೆಯೊಂದು ಭಾರತದಿಂದಲೂ ಇತ್ತು. ಸುಸನ್ನಾಳ ಅಣ್ಣ ಸೂರತ್ತಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯಲ್ಲಿದ್ದು ಸಂಪಾದಿಸಿದ್ದ. 1724ರಲ್ಲಿ ಅವನು ಹಡಗಿನಲ್ಲಿ ಬರುತ್ತಾನೆಂದು ಕೇಳಿ ಆಕೆ ಲಂಡನ್ನಿಗೆ ಹೋದಳು. ಹಡಗು ಬಂತು, ಅವನು ಬರಲಿಲ್ಲ.

1734ರ ಹೊತ್ತಿಗೆ ಸ್ಯಾಮ್ಯುಯೆಲ್ ಹಣ್ಣಾಗಿದ್ದ. ತನ್ನ ನಂತರ ಎಪ್‌ವರ್ತ್ ಹುದ್ದೆಯನ್ನು ಜಾನ್ ವಹಿಸಿಕೊಂಡರೆ ಮುದಿ ತಾಯಿಗೆ ಸೂರು ಉಳಿಯುತ್ತದೆ ಎಂದು ತಂದೆ ಬೇಡಿಕೊಂಡ. ಆಕ್ಸ್‌ಫರ್ಡಿನಲ್ಲಿದ್ದರೇ ತನ್ನ ಆತ್ಮಕ್ಕೆ ಹೆಚ್ಚು ಹಿತ ಎಂದು ಮಗ ದೀರ್ಘ ಪತ್ರದಲ್ಲಿ ವಾದಿಸಿ ನಿರಾಕರಿಸಿದ. 1735ರ ಏಪ್ರಿಲ್‌ನಲ್ಲಿ ಸ್ಯಾಮ್ಯುಯೆಲ್ ತೀರಿಕೊಂಡ. ಮಣ್ಣಾದ ದಿನವೇ ಒಬ್ಬ ಜಮೀನುದಾರಳು 15 ಪೌಂಡ್ ಬಾಕಿಗಾಗಿ 40 ಪೌಂಡಿಗೂ ಮಿಗಿಲಾದ ದನಕರುಗಳನ್ನು ಜಪ್ತಿ ಮಾಡಿಸಿದಳು. ಇಂಥ ವಿಧವೆಯರು ಎಷ್ಟಿದ್ದರೆಂಬುದಕ್ಕೆ ಅವರಿಗಾಗಿಯೇ ಕಟ್ಟಿದ ಸಂಸ್ಥೆಗಳೇ ಸಾಕ್ಷಿ: 1666ರಲ್ಲಿ ಬಿಷಪ್ ವಾರ್ನರ್ ಬ್ರಾಮ್ಲಿಯಲ್ಲಿ 20 ಪಾದ್ರಿ ವಿಧವೆಯರಿಗೆ ವಸತಿಗೃಹ ಸ್ಥಾಪಿಸಿದ್ದ, 1678ರಲ್ಲಿ ಪಾದ್ರಿಗಳ ಮಕ್ಕಳೇ ನಡೆಸುವ ಸಹಾಯಸಂಘಕ್ಕೆ ರಾಜಶಾಸನ ದೊರೆತಿತ್ತು. ಸುಸನ್ನಾ ಮಕ್ಕಳ ಮನೆಯಿಂದ ಮನೆಗೆ ಅಲೆದು, ಕೊನೆಗೆ ಲಂಡನ್ನಿನಲ್ಲಿ ಜಾನ್ ಹಳೆಯ ಫಿರಂಗಿ ಎರಕದ ಕಾರ್ಖಾನೆಯೊಂದನ್ನು ಪ್ರಾರ್ಥನಾಮಂದಿರವಾಗಿಸಿದ್ದ ಕಟ್ಟಡದಲ್ಲಿ ನೆಲೆಸಿದಳು.

ಅಲ್ಲಿ ಥಾಮಸ್ ಮ್ಯಾಕ್ಸ್‌ಫೀಲ್ಡ್ ಎಂಬುವನು ಪಾದ್ರಿ ದೀಕ್ಷೆಯಿಲ್ಲದೆ ಉಪದೇಶ ಮಾಡುತ್ತಿದ್ದಾನೆಂದು ತಿಳಿದು, ತಡೆಯಲು ಜಾನ್ ಧಾವಿಸಿ ಬಂದ. ನಿನ್ನನ್ನು ಕರೆದ ದೇವರೇ ಅವನನ್ನೂ ಕರೆದಿದ್ದಾನೆ, ಮೊದಲು ಅವನ ಮಾತನ್ನು ನೀನೇ ಕೇಳು ಎಂದಳು ತಾಯಿ. ಜಾನ್ ಕೇಳಿದ, ಒಪ್ಪಿದ. ದೀಕ್ಷೆಯಿಲ್ಲದ ಉಪದೇಶಕರು ಮುಂದೆ ಆ ಪಂಥದ ಬೆನ್ನೆಲುಬಾದರು. ದೀಕ್ಷೆಯಿಲ್ಲದೆ 200 ಜನರಿಗೆ ಓದಿ ಹೇಳಿದವಳಿಗೆ ಈ ವಿಷಯದಲ್ಲಿ ಅನುಭವವಿತ್ತಲ್ಲ!

1742ರ ಜುಲೈನಲ್ಲಿ ಆಕೆ ತೀರಿಕೊಂಡಳು. ಬನ್‌ಹಿಲ್ ಫೀಲ್ಡ್ಸ್ ಸ್ಮಶಾನದಲ್ಲಿ ಸಮಾಧಿ. ಕಲ್ಲಿನ ಮೇಲೆ ಕೆತ್ತಲು ಚಾರ್ಲ್ಸ್ ಪದ್ಯ ಬರೆದ. ಮೆಥಡಿಸ್ಟರು ಹೇಳುವಂಥ ನಿಶ್ಚಿತ ವಿಶ್ವಾಸ ತಾಯಿಗೆ ಮುಪ್ಪಿನಲ್ಲಷ್ಟೇ ದೊರೆಯಿತೆಂದು, ಅದಕ್ಕೆ ಹಿಂದಿನ 70 ವರ್ಷಗಳನ್ನು ಅವನು ಒಂದು ದೀರ್ಘ ರಾತ್ರಿಯೆಂದು ವರ್ಣಿಸಿದ. ಹೆತ್ತ 19 ಮಕ್ಕಳ ಮಾತೂ ಅದರಲ್ಲಿರಲಿಲ್ಲ, ಭಾನುವಾರದ ಸಂಜೆಯ ಸಭೆಯ ಮಾತೂ ಇರಲಿಲ್ಲ. 1828ರಲ್ಲಿ ಆ ಕಲ್ಲನ್ನು ತೆಗೆದು ಬೇರೆಯದನ್ನು ನೆಟ್ಟರು. ಮಕ್ಕಳ ಸಂಖ್ಯೆ ಅದರಲ್ಲಿ ಬಂತು.